ಒಳ್ಳೆಮೆಣಸು ಮತ್ತು ಬರೀ ಮೆಣಸು

ಕೇಳುಗರಿಗೆಲ್ಲ ನಮಸ್ಕಾರ. ಪರದೇಶದವರ ಆಳ್ವಿಕೆ ನಮ್ಮ ಕರಾವಳಿಯಲ್ಲಿ ಏನು ಬಿಟ್ಟು ಹೋಯಿತು, ಅದರ ಬಗ್ಗೆ ಮಾತಾಡಿ ಎಂದಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಯಾರಾದರೂ ಒಬ್ಬರು ‘1907ರಲ್ಲಿ ಮಂಗಳೂರಿಗೆ ರೈಲು ಬಂತಲ್ಲ’ ಎಂದು ಹೇಳಿಯೇ ಹೇಳುತ್ತಾರೆ. ರೈಲು ಇರಲಿ ಮಾರಾಯ್ರೆ. ನೀವು ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಿದ್ದರೆ ಸುಮ್ನೆ ಮೆಣಸಿನ ಡಬ್ಬಿ ತೆಗೆಯಿರಿ.

ನನಗಾಗ ಒಂಬತ್ತೋ ಹತ್ತೋ ವರ್ಷ. ಉಡುಪಿ ಹತ್ತಿರದ ಅಜ್ಜಿ ಮನೆಯಲ್ಲಿ ಅಜ್ಜನ ತಿಥಿ. ಅಡುಗೆ ಭಟ್ರು ಒಲೆಯ ಎದುರಿನಿಂದಲೇ ಕೂಗಿದರು, ‘ಮಾಣಿ, ಓಡಿ ಹೋಗಿ ಮೆಣಸು ತಾ.’ ಗದ್ದೆ ಹುಣಿಯ ಮೇಲೆ ಓಡಿದೆ. ಅಂಗಡಿಯವರು ಕಾಗದದಲ್ಲಿ ಒಣಮೆಣಸು ಕಟ್ಟಿಕೊಟ್ಟರು. ತಂದು ಕೊಟ್ಟರೆ ಭಟ್ರು ಪೊಟ್ಟಣವನ್ನು ಮುಟ್ಟಲೂ ಇಲ್ಲ. ‘ತಿಥಿ ಅಡುಗೆಗೆ ಇದು ಆಗ್ತದಾ? ಮೆಣಸು ತಾ ಅಂದ್ರೆ ಮೆಣಸು ತರಬೇಕು!’ ಮತ್ತೆ ಓಡಿದೆ. ಅಂಗಡಿಯವರಿಗೆ ನಗು. ‘ಎಡ್ಡೆಮುಂಚಿ ಅಂತ ಹೇಳ್ಬಾರ್ದಾ?’ ಎಂದು ಡ್ರಾಯರಿನಿಂದ ಕರಿ ಕಾಳು ಅಳೆದು ಕೊಟ್ಟರು. ಅವತ್ತು ಸಾರಿಗೆ ಕೆಂಪು ಬಣ್ಣವೇ ಇರಲಿಲ್ಲ. ಬಟಾಟೆ ಇಲ್ಲ, ಟೊಮೆಟೊ ಇಲ್ಲ. ಬಾಳೆಕಾಯಿ, ಸುವರ್ಣಗಡ್ಡೆ, ಹಾಗಲಕಾಯಿ. ಮೂಗಿಗೆ ಹತ್ತುವ ಆ ಖಾರ ಇವತ್ತಿಗೂ ನೆನಪಿದೆ.

ಎಷ್ಟೋ ವರ್ಷ ಕಳೆದ ಮೇಲೆ ಗೊತ್ತಾಯಿತು, ಭಟ್ರೂ ಸರಿ, ಅಂಗಡಿಯವರೂ ಸರಿ. ಮೆಣಸು ಎಂದರೆ ಮೊದಲು ಆ ಕರಿ ಕಾಳೇ. ಅದಕ್ಕಾಗಿಯೇ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದದ್ದೂ ಈ ಕಾಳಿನಿಂದಲೇ. ಕೆಂಪು ಕಾಯಿ ಅಮೆರಿಕದ್ದು, ಅವರ ಹಡಗಿನಲ್ಲೇ ಇಲ್ಲಿಗೆ ಬಂತು. ಕಾಳು ಒಯ್ದರು, ಕಾಯಿ ಕೊಟ್ಟರು!

ಈಗ ಹೆಸರು ಗಮನಿಸಿ. ನಾನು ಹೇಳಬೇಕಾದ್ದು ಇದೊಂದೇ. ಹೊರಗಿನ ಕಾಯಿ ಬಂದು ‘ಮೆಣಸು’ ಎಂಬ ಹೆಸರನ್ನೇ ಹಿಡಿದು ಕೂತಿತು. ಸಾವಿರಾರು ವರ್ಷದಿಂದ ಇಲ್ಲೇ ಬೆಳೆದ ಕಾಳು ‘ಒಳ್ಳೆಮೆಣಸು’ ಆಯಿತು. ತುಳುವಿನಲ್ಲೂ ಹಾಗೇ, ಬರೀ ‘ಮುಂಚಿ’ ಅಂದರೆ ಕಾಯಿ, ಕಾಳಿಗೆ ‘ಎಡ್ಡೆ’, ಅಂದರೆ ‘ಒಳ್ಳೆ’, ಸೇರಿಸಬೇಕು. ನೆಂಟ ಮನೆಯವನಾದ, ಮನೆಯವನು ತನ್ನ ಗುರುತು ಹೇಳಿಕೊಂಡು ಒಳಗೆ ಬರಬೇಕಾಯಿತು. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರ ಜೊತೆ ಕಾದಾಡಿದಳು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಕೋರಿರೊಟ್ಟಿಯ ಕೆಂಪು ಗಸಿಯನ್ನು ಯಾರೂ ಓಡಿಸಲಿಲ್ಲ, ಅಲ್ವಾ? ಓಡಿಸಿ ಎಂದು ನಾನೂ ಹೇಳುವುದಿಲ್ಲ. ನನಗೂ ಅದು ಬೇಕು.

ಅಯ್ಯೋ, ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಮಂಗಳೂರು ಹಂಚಿನ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. 1865ರಲ್ಲಿ, ಬ್ರಿಟಿಷರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದಕ್ಕೆ ಮೊದಲು ನಮ್ಮ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು. ಈಗ ಆ ಕೆಂಪು ಹಂಚಿನ ಮನೆಯ ಫೋಟೋ ಹಾಕಿ ‘ಅಪ್ಪಟ ತುಳುನಾಡ ಮನೆ’ ಎನ್ನುತ್ತೇವೆ. ಮತ್ತದೇ ಮೆಣಸಿನ ಕಥೆ! ಅದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದೂ ಉಳಿದುಬಿಟ್ಟಿತು. ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಇವತ್ತು ಅಂಗಡಿಗೆ ಹೋದಾಗ ಬರೀ ‘ಮೆಣಸು ಕೊಡಿ’ ಎಂದು ಕೇಳಿ. ಏನು ಕಟ್ಟಿಕೊಡುತ್ತಾರೆ ನೋಡಿ. ನಮಸ್ಕಾರ.