ಎರಡು ನಕ್ಷೆ, ಒಂದೇ ಕೆಂಪು

[ತೆರೆಯ ಮೇಲೆ: ಗೇಟಿಗೆ ತೂಗುಹಾಕಿದ 'ಮನೆ ಬಾಡಿಗೆಗೆ ಇದೆ' ಬೋರ್ಡು]

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಗೊತ್ತಿರುತ್ತೆ. ಓನರ್ ಆಂಟಿ ಅಡುಗೆಮನೆ ತೋರಿಸ್ತಾರೆ, ಸಂಪು ತೋರಿಸ್ತಾರೆ, ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ ಅಂತಾರೆ. ಎಲ್ಲಾ ಮುಗಿದು ನಾವು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಮೆಲ್ಲಗೆ ಬರುತ್ತೆ ಪ್ರಶ್ನೆ: "ನೀವು ಯಾವ ಜನ?"

ಈ ಪ್ರಶ್ನೆಯಿಂದ ಒಂದಿಡೀ ಊರಿನ ಬಾಡಿಗೆ, ಕೆಲಸ, ಆಸ್ತಿ ಹೇಗೆ ಬದಲಾಗುತ್ತೆ ಅಂತ ಮನೆಮನೆಗೆ ಹೋಗಿ ಲೆಕ್ಕ ತೆಗೆದವನೊಬ್ಬ ಇದ್ದ. ಊರು ಅಮೆರಿಕದ ಫಿಲಡೆಲ್ಫಿಯಾ, ಇಸವಿ 1896. ಹೆಸರು ಡಬ್ಲ್ಯೂ. ಇ. ಬಿ. ಡು ಬಾಯ್ಸ್. ಬರೆಯೋದು ಫ್ರೆಂಚ್ ಥರ ಇದ್ದರೂ ಆತ ಹೇಳಿಕೊಳ್ತಿದ್ದಿದ್ದು 'ಬಾಯ್ಸ್' ಅಂತಲೇ.

[ತೆರೆಯ ಮೇಲೆ: ಯುವಕ ಡು ಬಾಯ್ಸ್ ಫೋಟೊ]

ವಯಸ್ಸು 28. ಹಿಂದಿನ ವರ್ಷವಷ್ಟೇ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿದಿತ್ತು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ಈತನೇ. 1896ರಲ್ಲೇ ಮದುವೆ ಬೇರೆ ಆಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಒಂದು ಕೆಲಸ ಕೊಡ್ತು: ಊರಿನ ಏಳನೇ ವಾರ್ಡಿನಲ್ಲಿರೋ ಕಪ್ಪು ಜನರ ಬದುಕನ್ನು ಅಧ್ಯಯನ ಮಾಡಿ ಕೊಡು. ವರ್ಷಕ್ಕೆ ಸಂಬಳ 900 ಡಾಲರ್. ಹುದ್ದೆಯ ಹೆಸರು 'ಸಹಾಯಕ ಬೋಧಕ'. ಆದರೆ ಪಾಠ ಮಾಡೋ ಹಾಗಿಲ್ಲ, ವಿಶ್ವವಿದ್ಯಾಲಯದ ಸಿಬ್ಬಂದಿ ಪಟ್ಟಿಯಲ್ಲಿ ಹೆಸರೂ ಇಲ್ಲ.

ಯಾಕೆ ಕರೆಸಿದರು ಅನ್ನೋದನ್ನ ಆತ ಆಮೇಲೆ ನೇರವಾಗಿಯೇ ಬರೆದುಕೊಂಡಿದ್ದಾನೆ. ಊರಿನ ಆಡಳಿತ ಹದಗೆಟ್ಟಿತ್ತು. ಅದಕ್ಕೆಲ್ಲ ಕಾರಣ ಏಳನೇ ವಾರ್ಡಿನ ಕಪ್ಪು ಜನ ಅಂತ ದೊಡ್ಡವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಅದಕ್ಕೊಂದು ವಿದ್ವತ್ತಿನ ಮೊಹರು ಬೇಕಿತ್ತು, ಅಷ್ಟೇ.

ಆತ ಮೊಹರು ಒತ್ತಲಿಲ್ಲ. ಹೆಂಡತಿ ನೀನಾ ಜೊತೆ ಅದೇ ಬಡ ಬಡಾವಣೆಯ ನಡುವೆ, ಒಂದು ಕ್ಯಾಂಟೀನಿನ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ. ಕೈಯಲ್ಲಿ ಪ್ರಶ್ನೆಪಟ್ಟಿ ಹಿಡಿದು ಬಾಗಿಲು ಬಡಿಯೋಕೆ ಶುರು ಮಾಡಿದ.

[ತೆರೆಯ ಮೇಲೆ: ಏಳನೇ ವಾರ್ಡಿನ ಗಡಿ. ಉತ್ತರಕ್ಕೆ ಸ್ಪ್ರೂಸ್ ಸ್ಟ್ರೀಟ್, ದಕ್ಷಿಣಕ್ಕೆ ಸೌತ್ ಸ್ಟ್ರೀಟ್, ಪೂರ್ವಕ್ಕೆ 7ನೇ ಬೀದಿ, ಪಶ್ಚಿಮಕ್ಕೆ ಸ್ಕೂಲ್‌ಕಿಲ್ ನದಿ]

ವಾರ್ಡು ಅಂದರೆ ರಿಬ್ಬನ್ ಥರ ಉದ್ದಕ್ಕೆ, ಸಣ್ಣಗೆ ಇದ್ದ ಜಾಗ. ಅದರೊಳಗೆ 9,675 ಕಪ್ಪು ಜನ. ಸುಮಾರು 2,500 ಮನೆ ಸುತ್ತಿದ, ಒಟ್ಟು ಸುಮಾರು 835 ಗಂಟೆ ಮಾತಾಡಿದ. ಭಾಗಿಸಿ ನೋಡಿ, ಮನೆಗೆ 20 ನಿಮಿಷ. ಸಹಾಯಕ್ಕೆ ಹುಡುಗರನ್ನು ಕಳಿಸಲಿಲ್ಲ, ಎಲ್ಲಾ ಮನೆಗೂ ತಾನೇ ಹೋದ. ಮನೆಯವರೇನು ಆರತಿ ಎತ್ತಿ ಕರೆಯಲಿಲ್ಲ. ಇನ್ಯಾರೋ ಬಂದು ನಮ್ಮನ್ನ ವಿಚಿತ್ರ ಪ್ರಾಣಿಗಳ ಥರ ನೋಡ್ತಾರೆ ಅನ್ನೋ ಸಿಟ್ಟು ಅವರಿಗಿತ್ತು, ಇರಬೇಕಾದ್ದೇ. ಆ ಜನರಿಂದ ತಾನು ಕಲಿತದ್ದೇ ಹೆಚ್ಚು ಅಂತ ಆಮೇಲೆ ಆತನೇ ಒಪ್ಪಿಕೊಂಡ.

1899ರಲ್ಲಿ ಪುಸ್ತಕ ಬಂತು, 'ದ ಫಿಲಡೆಲ್ಫಿಯಾ ನೀಗ್ರೋ'. (ಆ ಪದವನ್ನ ಈಗ ಯಾರೂ ಬಳಸಬಾರದು. ಆಗ ಅದೇ ಗೌರವದ ಪದ. ದೊಡ್ಡ ಅಕ್ಷರದಿಂದ ಬರೀಬೇಕು ಅಂತ ಆತ ಹಟ ಹಿಡಿಯುತ್ತಿದ್ದ.)

ಅದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬಾಡಿಗೆ ಲೆಕ್ಕ. ಎಷ್ಟೋ ಕುಟುಂಬಗಳ ದುಡಿಮೆಯಲ್ಲಿ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ ಬಾಡಿಗೆಗೇ ಹೋಗ್ತಿತ್ತು. ಮನೆ ಚೆನ್ನಾಗಿತ್ತಾ ಅಂದರೆ ಅದೂ ಇಲ್ಲ. ಬಿಳಿಯರಿಗಿಂತ ಕೆಟ್ಟ ಮನೆ, ಬಿಳಿಯರಿಗಿಂತ ಜಾಸ್ತಿ ಬಾಡಿಗೆ.

ಹಾಗಾದರೆ ಬೇರೆ ಕಡೆ ಹೋಗಬಹುದಿತ್ತಲ್ಲ? ಬೇರೆ ಕಡೆ ಮನೆ ಕೊಡೋರಿಲ್ಲ. ಕೊಟ್ಟರೂ, ಹೆಚ್ಚಿನವರ ಕೆಲಸ ಅಡುಗೆ, ಬಟ್ಟೆ ಒಗೆಯೋದು, ಹೋಟೆಲ್ ಸಪ್ಲೈ. ಕೆಲಸ ಕೊಡೋ ಶ್ರೀಮಂತರ ಮನೆಗಳು ಪಕ್ಕದ ಬೀದಿಯಲ್ಲೇ ಇವೆ, ಬೆಳಗಾಗೋ ಮುಂಚೆ ಅಲ್ಲಿರಬೇಕು. ಚರ್ಚು ಇಲ್ಲೇ, ನೆಂಟರಿಷ್ಟರು ಇಲ್ಲೇ. ಎಲ್ಲಿಗೂ ಹೋಗೋ ಹಾಗಿಲ್ಲ ಅಂತ ಮನೆ ಮಾಲೀಕನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಆತ ಕೇಳಿದ್ದೇ ರೇಟು. ಆ ಬಾಡಿಗೆ ಹೊಂದಿಸೋಕೆ ಮನೆಯವರು ಒಂದು ಕೋಣೆಯನ್ನ ಇನ್ನೊಬ್ಬರಿಗೆ ಕೊಡ್ತಾರೆ. ಮನೆ ಇಕ್ಕಟ್ಟಾಗುತ್ತೆ, ಕಾಯಿಲೆ ಬರುತ್ತೆ. ಹೊರಗಿನಿಂದ ನೋಡಿದವರು "ನೋಡಿ, ಇವರು ಇರೋದೇ ಹೀಗೆ" ಅಂತಾರೆ.

ಇನ್ನು ಕೆಲಸದ ವಿಷಯ. ಇಲ್ಲೊಬ್ಬ ಹುಡುಗ ಬರ್ತಾನೆ, ಹೆಸರಿಲ್ಲ. ಅದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವನು. ಒಳ್ಳೇ ಶಿಫಾರಸು ಪತ್ರಗಳಿದ್ದವು. ಜಾಹೀರಾತಿನ ಮೂಲಕ ಕೆಲಸ ಸಿಕ್ಕಿತು. ಕೆಲವೇ ಗಂಟೆಯಲ್ಲಿ ಅವನು ಕಪ್ಪು ಜನಾಂಗದವನು ಅಂತ ಗೊತ್ತಾಯಿತು, ಕೆಲಸ ಹೋಯಿತು. ಪುಸ್ತಕ ಬರೆಯೋ ಹೊತ್ತಿಗೆ ಅವನು ಯೂನಿವರ್ಸಿಟಿ ಕ್ಲಬ್‌ನಲ್ಲಿ ಸಪ್ಲೈಯರ್. ಜೊತೆಯಲ್ಲಿ ಡಿಗ್ರಿ ತಗೊಂಡ ಬಿಳಿ ಹುಡುಗರು ಊಟಕ್ಕೆ ಬರ್ತಿದ್ದಿದ್ದು ಅದೇ ಕ್ಲಬ್ಬಿಗೆ.

[ಎರಡು ಸೆಕೆಂಡ್ ಮೌನ]

ಈ ಹುಡುಗನ ಅನುಭವವನ್ನು ನೂರು ವರ್ಷ ಆದಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಯೋಗವನ್ನಾಗಿ ಮಾಡಿದರು, ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್. ಬಾಸ್ಟನ್, ಶಿಕಾಗೊ ಜಾಹೀರಾತುಗಳಿಗೆ ಸುಮಾರು 5,000 ಬಯೋಡೇಟಾ ಕಳಿಸಿದರು. ಅರ್ಹತೆ ಒಂದೇ ಥರ, ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್ ಥರದ ಬಿಳಿ ಹೆಸರುಗಳಿಗೆ ಲಕೀಶಾ, ಜಮಾಲ್ ಥರದ ಕಪ್ಪು ಜನರ ಹೆಸರುಗಳಿಗಿಂತ ಶೇ 50ರಷ್ಟು ಹೆಚ್ಚು ಕರೆ ಬಂತು. ಇದು ಪ್ರಕಟವಾಗಿದ್ದು 2004ರಲ್ಲಿ. ಮೂರೇ ವರ್ಷಕ್ಕೆ, 2007ರಲ್ಲಿ, ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಅದೇ ಥರದ್ದನ್ನ ಭಾರತದಲ್ಲಿ ಮಾಡಿ ತೋರಿಸಿದರು. ಇಲ್ಲಿ ಸೋತಿದ್ದು ದಲಿತ ಹೆಸರು ಮತ್ತು ಮುಸ್ಲಿಂ ಹೆಸರು. ಚಪ್ಪಲಿ ಹಾಕ್ಕೊಳ್ಳೋವಾಗ ಕೇಳೋ ಪ್ರಶ್ನೆಯನ್ನ ಇಲ್ಲಿ ಯಾರೂ ಬಾಯಿಬಿಟ್ಟು ಕೇಳಲೇ ಇಲ್ಲ ನೋಡಿ. ಹೆಸರೇ ಉತ್ತರ ಕೊಟ್ಟುಬಿಡ್ತು.

ಈಗ ನಕ್ಷೆಗೆ ಬರೋಣ, ವಿಡಿಯೋ ಹೆಸರೇ ಅದು.

[ತೆರೆಯ ಮೇಲೆ: ಡು ಬಾಯ್ಸ್ ನಕ್ಷೆಯ ಒಂದು ತುಂಡು, ಬಣ್ಣ ಕಾಣುವಷ್ಟು ಹತ್ತಿರದಿಂದ]

ಡು ಬಾಯ್ಸ್ ವಾರ್ಡಿನ ಒಂದೊಂದು ಮನೆಗೂ ಬಣ್ಣ ಹಚ್ಚಿದ. ಕೆಂಪು ಅಂದರೆ ಮಧ್ಯಮ ವರ್ಗ ಮತ್ತು ಅದಕ್ಕಿಂತ ಮೇಲಿನವರು. ಹಸಿರು ದುಡಿದು ಹೇಗೋ ನೆಟ್ಟಗಿರೋ ಜನ. ನೀಲಿ ಬಡವರು. ಕಪ್ಪು ಬಣ್ಣ 'ದುಷ್ಟರು, ಅಪರಾಧಿಗಳು'. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಇಂಥದ್ದೊಂದು ನಕ್ಷೆ ಆಗಲೇ ಮಾಡಿದ್ದ, ಅದೇ ದಾರಿ. ಉದ್ದೇಶ ಏನು? 'ಕಪ್ಪು ಜನ' ಅನ್ನೋದು ಒಂದೇ ಮುದ್ದೆ ಅಲ್ಲ, ಇಲ್ಲಿ ಮೇಷ್ಟ್ರೂ ಇದ್ದಾರೆ, ಅಡುಗೆ ಕಾಂಟ್ರಾಕ್ಟರೂ ಇದ್ದಾರೆ, ಕಳ್ಳನೂ ಇದ್ದಾನೆ ಅಂತ ತೋರಿಸೋದು.

ಆದರೂ ಆ ನಾಲ್ಕನೇ ಬಣ್ಣ ನನಗೆ ಹಿಡಿಸಲ್ಲ. ಬಡತನಕ್ಕೆ ಕಾರಣ ಬಾಡಿಗೆ, ಕಾರಣ ಕೆಲಸದ ಬಾಗಿಲು ಅಂತ ಅಷ್ಟು ಲೆಕ್ಕ ಕೊಟ್ಟವನೇ, ಒಂದು ಮನೆಯ ಮೇಲೆ 'ದುಷ್ಟರು' ಅಂತ ಬಣ್ಣ ಬಳಿದ. 20 ನಿಮಿಷದಲ್ಲಿ ಅದನ್ನ ಹೇಗೆ ಕಂಡುಹಿಡಿದ? ಕೊನೆಯ ಅಧ್ಯಾಯದಲ್ಲಿ ದುಡ್ಡು ಉಳಿಸಿ, ಶಿಸ್ತಿನಿಂದಿರಿ ಅಂತ ಹೆಡ್‌ಮೇಷ್ಟ್ರ ಥರ ಬುದ್ಧಿ ಬೇರೆ ಹೇಳ್ತಾನೆ. ಪುಣ್ಯಕ್ಕೆ ಬಿಳಿಯರಿಗೂ ಅಷ್ಟೇ ಖಾರವಾಗಿ ಹೇಳಿದ್ದಾನೆ.

[ತೆರೆಯ ಮೇಲೆ: 1930ರ ದಶಕದ ಫಿಲಡೆಲ್ಫಿಯಾ ನಕ್ಷೆ]

ಎರಡನೇ ನಕ್ಷೆ. ಡು ಬಾಯ್ಸ್ ನಕ್ಷೆ ಬಂದು ಸುಮಾರು ನಲವತ್ತು ವರ್ಷ. ದೊಡ್ಡ ಆರ್ಥಿಕ ಕುಸಿತ, ಜನ ಮನೆ ಸಾಲ ಕಟ್ಟೋಕೆ ಆಗದೆ ಒದ್ದಾಡ್ತಿದ್ದಾರೆ. 1933ರಲ್ಲಿ ಅಮೆರಿಕ ಸರ್ಕಾರ ಗೃಹಸಾಲದ ಒಂದು ಸಂಸ್ಥೆ ಹುಟ್ಟುಹಾಕ್ತು. ಅದು ಇನ್ನೂರಕ್ಕೂ ಹೆಚ್ಚು ಊರುಗಳ ನಕ್ಷೆ ಮಾಡಿ, ಸಾಲ ಕೊಡೋಕೆ ಯಾವ ಏರಿಯಾ ಎಷ್ಟು ಸೇಫು ಅಂತ ಬಣ್ಣ ಹಾಕ್ತು. ಹಸಿರು ಅಂದರೆ ಉತ್ತಮ. ಕೆಂಪು ಅಂದರೆ ಅಪಾಯ. ಕಪ್ಪು ಜನರು ಇರೋ ಬಡಾವಣೆ ಹೆಚ್ಚುಕಮ್ಮಿ ಎಲ್ಲಾ ಕಡೆ ಕೆಂಪು.

ಮೊದಲ ನಕ್ಷೆಯಲ್ಲಿ ಕೆಂಪು ಅಂದರೆ ಕಷ್ಟಪಟ್ಟು ಮೇಲೆ ಬಂದ ಕಪ್ಪು ಕುಟುಂಬ. ಎರಡನೇ ನಕ್ಷೆಯ ಕೆಂಪು, ಅಂಥವರನ್ನೂ ಸೇರಿಸಿ ಇಡೀ ಬೀದಿಯನ್ನೇ ನುಂಗಿತು. ಡು ಬಾಯ್ಸ್ ಮನೆ ಮನೆಯನ್ನ ಬಿಡಿಸಿ ನೋಡಿದ್ದ. ಇವರು ಮತ್ತೆ ಮುದ್ದೆ ಕಟ್ಟಿದರು.

ಇಲ್ಲೊಂದು ತಿದ್ದುಪಡಿ. 'ರೆಡ್‌ಲೈನಿಂಗ್', ಅಂದರೆ ಒಂದಿಡೀ ಏರಿಯಾವನ್ನೇ ಸಾಲದಿಂದ ದೂರ ಇಡೋದರ ಬಗ್ಗೆ ಬರೋ ವಿಡಿಯೋಗಳೆಲ್ಲ ಆ ನಕ್ಷೆಯೇ ಎಲ್ಲಾ ಹಾಳುಮಾಡ್ತು ಅನ್ನುತ್ತವೆ. ವಿಷಯ ಅಷ್ಟು ಸಲೀಸಲ್ಲ. ಆ ಸಂಸ್ಥೆ ಕೆಂಪು ಏರಿಯಾಗಳಲ್ಲೂ ಸಾಲ ಕೊಟ್ಟಿತ್ತು, ಕಪ್ಪು ಕುಟುಂಬಗಳಿಗೂ ಕೊಟ್ಟಿತ್ತು. ಹೆಚ್ಚು ಪೆಟ್ಟು ಕೊಟ್ಟಿದ್ದು 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್. ಬ್ಯಾಂಕ್ ಕೊಡೋ ಗೃಹಸಾಲಕ್ಕೆ ಸರ್ಕಾರದ ವಿಮೆ ಕೊಡೋದು ಅದರ ಕೆಲಸ. ಜನಾಂಗಗಳು ಬೆರೆತ ಬಡಾವಣೆಗೆ ವಿಮೆ ಕೊಡೋದು ನಷ್ಟದ ಬಾಬತ್ತು ಅಂತ ಅದರ ಕೈಪಿಡಿಯೇ ಹೇಳ್ತಿತ್ತು. ವಿಮೆ ಇಲ್ಲ ಅಂದರೆ ಕಡಿಮೆ ಬಡ್ಡಿ ಇಲ್ಲ, ಕಂತು ಕಟ್ಟಿ ಮನೆ ಮಾಡಿಕೊಳ್ಳೋ ದಾರಿಯೇ ಇಲ್ಲ. ಇದನ್ನೆಲ್ಲ ಕಾನೂನು ನಿಷೇಧಿಸಿದ್ದು 1968ರಲ್ಲಿ.

ಸ್ವಂತ ಮನೆ ಇದ್ದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜ ನಾಲ್ಕು ಕಾಸಿಗೆ ತಗೊಂಡ ಸೈಟೇ ಇವತ್ತು ಮೊಮ್ಮಗಳ ಕಾಲೇಜು ಫೀಸು. ಆ ಸೈಟು ತಗೊಳ್ಳೋಕೆ ಅಜ್ಜನಿಗೆ ಬಿಡದೇ ಇದ್ದಿದ್ದರೆ? ಅಮೆರಿಕದ ಕೇಂದ್ರ ಬ್ಯಾಂಕ್ ಮಾಡೋ ಸಮೀಕ್ಷೆಯಲ್ಲಿ 2022ರ ಲೆಕ್ಕ ಹೀಗಿದೆ: ಸಾಲ ಕಳೆದು, ಆಸ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರೋ ಬಿಳಿ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್. ಕಪ್ಪು ಕುಟುಂಬದ್ದು ಸುಮಾರು 45,000. ಈ ಅಂತರಕ್ಕೆ ಮನೆಯೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಒಂದು.

ನಮ್ಮೂರಿನ ನಕ್ಷೆಗೆ ಬಣ್ಣ ಹಾಕಿದರೆ? ಬೆಂಗಳೂರಿನ ಐಐಎಂನ ಸಂಶೋಧಕರು ಜನಗಣತಿಯ ಅತಿ ಚಿಕ್ಕ ಘಟಕಗಳನ್ನ ಹಿಡಿದು ನಮ್ಮ ಮಹಾನಗರಗಳನ್ನ ನೋಡಿದ್ದಾರೆ. ವಾರ್ಡ್ ಮಟ್ಟದಲ್ಲಿ ಎಲ್ಲಾ ಜಾತಿ ಬೆರೆತ ಹಾಗೆ ಕಾಣುತ್ತೆ, ಬೀದಿ ಮಟ್ಟಕ್ಕೆ ಇಳಿದರೆ ಬೇರೆ ಬೇರೆಯಾಗೇ ಇದ್ದಾರೆ. ಅದಕ್ಕೇ ಪೂರ್ತಿ ಒಂದು ವಿಡಿಯೋ ಬೇಕು, ಮಾಡ್ತೀನಿ.

[ತೆರೆಯ ಮೇಲೆ: ಏಳನೇ ವಾರ್ಡಿನ ಲೊಂಬಾರ್ಡ್ ಸ್ಟ್ರೀಟ್ ಇವತ್ತು, ಮರಗಳು, ಇಟ್ಟಿಗೆ ಮನೆಗಳು]

ಆ ವಾರ್ಡು ಈಗ ಹೇಗಿದೆ? ಇಪ್ಪತ್ತನೇ ಶತಮಾನದ ನಡುವೆ ಸೌತ್ ಸ್ಟ್ರೀಟ್ ಒಡೆದು ದೊಡ್ಡ ಹೆದ್ದಾರಿ ಹಾಕೋ ಯೋಜನೆ ಬಂತು. ಇವತ್ತಲ್ಲ ನಾಳೆ ಕೆಡವುತ್ತಾರೆ ಅನ್ನೋ ಮನೆಗೆ ಯಾರು ಸುಣ್ಣ ಬಳೀತಾರೆ? ಅಂಗಡಿಗಳು ಮುಚ್ಚಿದವು. ನಿವಾಸಿಗಳು ವರ್ಷಗಟ್ಟಲೆ ಹೋರಾಡಿ ಹೆದ್ದಾರಿ ತಡೆದರು, ಗೆದ್ದರು. ಅಷ್ಟರಲ್ಲಿ ಜಾಗ ಅಗ್ಗವಾಗಿತ್ತು. ಅಗ್ಗದ ಜಾಗಕ್ಕೆ ದುಡ್ಡಿದ್ದವರು ಬಂದರು. ಇವತ್ತು ಅಲ್ಲಿ ಮನೆ ತುಂಬಾ ದುಬಾರಿ, ಹೆಚ್ಚಿನವರು ಬಿಳಿಯರು. ವಾರ್ಡಿನ ಗಡಿಯಿಂದ ಸ್ವಲ್ಪ ಆಚೆ, 6ನೇ ಬೀದಿಯಲ್ಲಿರೋ ಕಪ್ಪು ಜನರ ಮದರ್ ಬೆಥೆಲ್ ಚರ್ಚ್ ಮಾತ್ರ 1790ರ ದಶಕದಿಂದ ಅದೇ ಜಾಗದಲ್ಲಿದೆ.

ಸಿಬ್ಬಂದಿ ಪಟ್ಟಿಯಲ್ಲಿ ಹೆಸರು ಹಾಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2012ರಲ್ಲಿ ಡು ಬಾಯ್ಸ್‌ಗೆ ಗೌರವ ನಿವೃತ್ತ ಪ್ರಾಧ್ಯಾಪಕ ಅಂತ ಪದವಿ ಕೊಟ್ಟಿತು. ಆತ ತೀರಿಕೊಂಡು ಆಗ 49 ವರ್ಷ. ಮದರ್ ಬೆಥೆಲ್‌ನಿಂದ ನಾಲ್ಕು ಹೆಜ್ಜೆ ನಡೆದು ಸೌತ್ ಸ್ಟ್ರೀಟಿಗೆ ಬಂದರೆ ಗೋಡೆ ತುಂಬಾ ಅವನ ಚಿತ್ರ ಇದೆ, ಜೊತೆಗೆ ಕಪ್ಪು ಜನರಿಗೆಂದೇ ಬೇರೆ ಇಟ್ಟಿದ್ದ ಅಗ್ನಿಶಾಮಕ ದಳದವರೂ ಇದ್ದಾರೆ. ಆ ಕಡೆ ಹೋಗೋ ಕನ್ನಡದವರು ಯಾರಾದರೂ ಇದ್ದರೆ ಒಂದು ಫೋಟೊ ತೆಗೆದು ಕಳಿಸಿ, ಮುಂದಿನ ವಿಡಿಯೋಗೆ ಹಾಕ್ಕೋತೀನಿ.