ಸಿಂಕಿಗೆ ಪುಡಿ ಹಾಕಿದ್ದನ್ನು ಪ್ಲಂಬರ್‌ಗೆ ಹೇಳಿದಿರಾ?

ನಮಸ್ಕಾರ್ರೀ. ಕಳೆದ ವಾರ ಧಾರವಾಡದ ನಮ್ಮ ಮನೆಯಲ್ಲಿ ಅಡುಗೆಮನೆ ಸಿಂಕ್ ಕಟ್ಟಿಕೊಂಡಿತು. ಕಟ್ಟಲೇಬೇಕಿತ್ತು ಬಿಡಿ. ಭಜಿ ಕರಿದ ಎಣ್ಣೆ, ರೊಟ್ಟಿ ಹಿಟ್ಟಿನ ಪರಾತ ತೊಳೆದ ನೀರು, ಎಲ್ಲಾ ಅದರೊಳಗೇ. ಅಂಗಡಿಯಿಂದ ಕಟ್ಟಿದ ಪೈಪು ಬಿಡಿಸುವ ಪುಡಿ ತಂದು ಸುರಿದೆ, ನೀರು ಹಾಕಿದೆ. ಬುಸ್ ಅಂತ ನೊರೆ ಎದ್ದಿತು. ನೀರು ಮಾತ್ರ ಇಳಿಯಲಿಲ್ಲ.

ಮರುದಿನ ಪ್ಲಂಬರ್ ಬಂದರು. ಕೂರುವ ಮೊದಲೇ ಕೇಳಿದರು: "ಇದರಾಗ ಏನರ ಹಾಕೀರೇನ್ರಿ ಅಕ್ಕಾರ?"

ಹೂಂ ಅಂದೆ. ಚಾಚಿದ್ದ ಕೈ ಹಿಂದಕ್ಕೆ ತಗೊಂಡರು. ಮುಂಗೈ ಮೇಲೆ ಹಳೆಯ ಸುಟ್ಟ ಕಲೆ. ಯಾರದೋ ಮನೆಯಲ್ಲಿ ಟ್ರ್ಯಾಪ್, ಅಂದರೆ ಸಿಂಕಿನ ಕೆಳಗಿನ ನೀರು ನಿಲ್ಲುವ ಬಾಗಿದ ಪೈಪು, ಬಿಚ್ಚಿದಾಗ ಆದದ್ದಂತೆ. ಆ ಮನೆಯವರು ಹೇಳಿರಲಿಲ್ಲ.

ಈ ಪುಡಿ ಹೆಚ್ಚಾಗಿ ಕಾಸ್ಟಿಕ್ ಸೋಡಾ. ಸಾಬೂನು ಮಾಡೋದೂ ಇದರಿಂದಲೇ. ಪೈಪಿನ ಜಿಡ್ಡನ್ನು ಸಾಬೂನಾಗಿಸಿ ಕರಗಿಸುತ್ತದೆ, ಕೂದಲನ್ನೂ ತಿನ್ನುತ್ತದೆ. ನಮ್ಮ ಚರ್ಮವನ್ನೂ ಅಷ್ಟೇ. ಕೆಲವು ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರು ಇರುತ್ತವೆ. ಅವುಗಳಿಂದ ಏಳೋದು ಹೈಡ್ರೋಜನ್, ಬೆಂಕಿ ಹತ್ತುವ ಗ್ಯಾಸ್. ಜೊತೆಗೆ ವಿಪರೀತ ಕಾವು. ನಮ್ಮ ಪಿವಿಸಿ ಪೈಪು 60 ಡಿಗ್ರಿಗಿಂತ ಜಾಸ್ತಿ ಬಿಸಿಗೆ ಮಾಡಿದ್ದಲ್ಲ.

ನೀರು ಹರಿದರೆ ಇದೆಲ್ಲ ಗಟಾರಕ್ಕೆ ಹೋಗುತ್ತದೆ. ಹರಿಯದಿದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಿಚ್ಚುವವರ ಕೈ ಮೇಲೆ ಬೀಳುತ್ತದೆ. ನನ್ನ ತಕರಾರು ಇದೇ. ಜಾಹೀರಾತಿನಲ್ಲಿ ಸಿಂಕ್ ಫಳಫಳ ಹೊಳೆಯುತ್ತದೆ, ಪ್ಲಂಬರ್ ಎಲ್ಲೂ ಕಾಣೋದಿಲ್ಲ.

ಡಬ್ಬಿ ಮೇಲೆ ಏನು ಬರೆದಿದ್ದಾರೆ ಗೊತ್ತಾ? ಸಾಕಷ್ಟು ನೀರು ಹಾಕಿ ತೊಳೆಯಿರಿ ಅಂತ. ವಾರಕ್ಕೊಮ್ಮೆ ನಳ ಬರೋ ಓಣಿಯಲ್ಲಿ!

ಪುಡಿ ಸೋತಿತು ಅಂತ ಕೆಲವರು ಮೇಲೆ ಆಸಿಡ್ ಸುರಿಯುತ್ತಾರೆ. ಬೇಡ್ರಿ. ಎರಡೂ ಸೇರಿದರೆ ಕುದ್ದು ಮುಖಕ್ಕೇ ಸಿಡಿಯುತ್ತದೆ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಗ್ಯಾಸ್.

ನಮ್ಮ ಸಿಂಕಿನ ಕಥೆಗೆ ಬರೋಣ. ಪ್ಲಂಬರ್ ದಪ್ಪ ಗ್ಲೌಸ್ ಹಾಕಿ, ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪ್ ತಿರುವಿ ಬಿಚ್ಚಿದರು. ಹತ್ತು ನಿಮಿಷವೂ ಆಗಲಿಲ್ಲ. ಹೊರಬಂದದ್ದು ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನ ತುಂಡು, ಅದರ ಸುತ್ತ ಹಿಟ್ಟು. ಎಷ್ಟು ಪುಡಿ ಸುರಿದಿದ್ದರೂ ಆ ಸ್ಟೀಲ್ ಕರಗುತ್ತಿರಲಿಲ್ಲ. ಪುಡಿ ತರೋ ಮೊದಲು ನಾನೇ ಆ ಟ್ರ್ಯಾಪ್ ಬಿಚ್ಚಿ ನೋಡಬಹುದಿತ್ತು, ಅಲ್ವಾ?

ಅರ್ಧ ಡಬ್ಬಿ ಪುಡಿ ಇನ್ನೂ ಉಳಿದಿದೆ. ನೋಡೋಕೆ ಥೇಟ್ ಉಪ್ಪು. ಸದ್ಯಕ್ಕೆ ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇನೆ.