ಕೋಳಿ ಅಂಗಡಿಯ ದರಫಲಕವೂ ಸರಕಾರದ ಹೊಣೆಯೂ

ಮಾನ್ಯ ಅಧ್ಯಕ್ಷರೇ, ಈ ಮಳೆಯಲ್ಲೂ ಬಂದು ಕುಳಿತಿರುವ ಬಂಧುಗಳೇ,

ಉಡುಪಿಯ ಸಭೆಗಳಲ್ಲಿ ಮಾಂಸದ ಬಗ್ಗೆ ಮಾತನಾಡುವ ರೂಢಿ ಕಡಿಮೆ. ಯಕ್ಷಗಾನ, ಶಿಕ್ಷಣ, ಹೆದ್ದಾರಿ, ಬ್ಯಾಂಕು, ಇವುಗಳ ಬಗ್ಗೆ ಗಂಟೆಗಟ್ಟಲೆ ಕೇಳುವ ನಾವು, ಈ ಜಿಲ್ಲೆಯ ಬಹುಪಾಲು ಮನೆಗಳ ಭಾನುವಾರದ ಖರ್ಚನ್ನು ನಿರ್ಧರಿಸುವ ಕೋಳಿಯ ಮಾತು ಬಂದರೆ ಸಣ್ಣದೊಂದು ಮುಜುಗರದ ನಗೆ ನಗುತ್ತೇವೆ. ಈ ಮುಜುಗರಕ್ಕೂ ಇಂದಿನ ವಿಷಯಕ್ಕೂ ಸಂಬಂಧವಿದೆ ಎಂಬುದು ನನ್ನ ಅನಿಸಿಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಕೋಳಿ ಅಂಗಡಿಯ ಮುಂದೆ ನಿಂತು ಅದರ ದರಫಲಕ ಓದಿದೆ. ಸೀಮೆಸುಣ್ಣದಲ್ಲಿ ಬರೆದ ಮೂರು ದರಗಳಿದ್ದವು: ಜೀವಂತ ಕೋಳಿಗೆ ಒಂದು, ಚರ್ಮಸಹಿತ ಮಾಂಸಕ್ಕೆ ಒಂದು, ಚರ್ಮ ತೆಗೆದ ಮಾಂಸಕ್ಕೆ ಇನ್ನೊಂದು. ನಿನ್ನೆಯ ದರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು ಇನ್ನೂ ಇತ್ತು. ಈ ದರವನ್ನು ಯಾರು ನಿರ್ಧರಿಸಿದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ತಿಳಿಯದು. ನಮ್ಮ ಖಾಸಗಿ ಬಸ್ಸುಗಳ ಟಿಕೆಟ್ ದರದ ವಿಚಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಹೋಗಿ ವಾದಿಸಬಹುದು. ಮೆಸ್ಕಾಂ ವಿದ್ಯುತ್ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗ ಯಾರನ್ನು ಬೈಯಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಕೋಳಿಯ ಬೆಲೆ ಒಂದೇ ವಾರದಲ್ಲಿ 40 ರೂಪಾಯಿ ಜಿಗಿದರೆ ಮಾತ್ರ ನಾವು ಅಂಗಡಿಯವನ ಮುಖ ನೋಡುತ್ತೇವೆ, ಅವನು ಆಕಾಶ ನೋಡುತ್ತಾನೆ.

ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆಗಳಿವೆ. ಸರಕಾರವೇ ಬೆಲೆ ನಿಗದಿ ಮಾಡಬೇಕು ಎನ್ನುವವರು ಒಂದು ಕಡೆ. ಇದು ಮಾರುಕಟ್ಟೆಯ ವ್ಯವಹಾರ, ಸರಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯದನ್ನು ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. ಜಮ್ಮು ಮತ್ತು ಕಾಶ್ಮೀರದಲ್ಲಿ 1973ರ ಒಂದು ಆದೇಶದಡಿ ಕುರಿಮಾಂಸದ ದರವನ್ನು ಸರಕಾರವೇ ನಿಗದಿಪಡಿಸುತ್ತಿತ್ತು. ಅಲ್ಲಿನ ಕುರಿಗಳಲ್ಲಿ ದೊಡ್ಡ ಪಾಲು ಹೊರರಾಜ್ಯಗಳ ಸಂತೆಗಳಿಂದ ಬರಬೇಕು. ಆ ಸಂತೆಗಳ ಬೆಲೆ ಶ್ರೀನಗರದ ಆದೇಶವನ್ನು ಕೇಳುವುದಿಲ್ಲ. 2020ರ ಕೊನೆಯಲ್ಲಿ ದರದ ಜಗಳ ಹತ್ತಿಕೊಂಡು ವ್ಯಾಪಾರಿಗಳು ತಿಂಗಳುಗಟ್ಟಲೆ ಮಾರಾಟ ನಿಲ್ಲಿಸಿದರು, ಮದುವೆಮನೆಗಳು ಪರದಾಡಿದವು, 2021ರಲ್ಲಿ ಕಿಲೋಗೆ 535 ರೂಪಾಯಿಗೆ ರಾಜಿಯಾಯಿತು. 2023ರಲ್ಲಿ ಆ ನಿಯಂತ್ರಣವನ್ನೇ ತೆಗೆದುಹಾಕಲಾಯಿತು, ಬೆಲೆಯೂ ಏರಿತು. ಪೂರೈಕೆ ತನ್ನ ಕೈಯಲ್ಲಿಲ್ಲದಾಗ ಬರೀ ಬೆಲೆಯನ್ನು ಹಿಡಿದಿಡಲು ಹೋದರೆ ಅಂಗಡಿಯ ಬಾಗಿಲು ಮುಚ್ಚುತ್ತದೆ, ಇಲ್ಲವೇ ಹಿಂಬಾಗಿಲು ತೆರೆಯುತ್ತದೆ.

ಹಾಗಾದರೆ ಎರಡನೆಯ ವಾದ ಸರಿಯೇ? ಅದನ್ನು ತೂಗಿ ನೋಡಬೇಕಾದರೆ ಆ ಫಲಕದ ಅಂಕಿಯನ್ನು ಬಿಡಿಸಬೇಕು.

ಬ್ರಾಯ್ಲರ್ ಕೋಳಿ ಸುಮಾರು 40 ದಿನಗಳಲ್ಲಿ ಎರಡು ಕಿಲೋ ತೂಗುತ್ತದೆ. ಒಂದು ಕಿಲೋ ತೂಕ ಬರಬೇಕಾದರೆ ಅದು ಹೆಚ್ಚುಕಡಿಮೆ ಒಂದೂವರೆಯಿಂದ ಒಂದೂಮುಕ್ಕಾಲು ಕಿಲೋ ಆಹಾರ ತಿನ್ನಬೇಕು. ಸಾಕಣೆಯ ಖರ್ಚಿನ ಮೂರರಲ್ಲಿ ಎರಡು ಪಾಲು ಈ ಆಹಾರದ್ದೇ, ಆಹಾರದಲ್ಲಿ ಬಹುಪಾಲು ಮೆಕ್ಕೆಜೋಳ, ಉಳಿದದ್ದರಲ್ಲಿ ಮುಖ್ಯವಾದದ್ದು ಸೋಯಾ ಹಿಂಡಿ. ಹೀಗಾಗಿ ಕಾಪುವಿನಲ್ಲೋ ಕಾರ್ಕಳದಲ್ಲೋ ಕೋಳಿ ಸಾರು ಮಾಡುವವರ ಲೆಕ್ಕ ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳದ ಹೊಲದಲ್ಲಿ ಶುರುವಾಗುತ್ತದೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಮಿತಿಮೀರಿದಾಗ ಕೇಂದ್ರ ಸರಕಾರ ಆಗಸ್ಟ್ ತಿಂಗಳಿನಲ್ಲಿ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮಕ್ಕೆ ಮೆಕ್ಕೆಜೋಳ ಹೋಗತೊಡಗಿದ ಮೇಲೆ ಕೋಳಿಯ ಬಾಯಿಗೂ ವಾಹನದ ಟ್ಯಾಂಕಿಗೂ ಒಂದೇ ಧಾನ್ಯದ ಮೇಲೆ ಪೈಪೋಟಿ ಬಂದಿದೆ. ಇವೆರಡೂ ಸರಕಾರದ ತೀರ್ಮಾನಗಳು. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಘೋಷಿಸುವುದೂ ಸರಕಾರವೇ. 2025–26ಕ್ಕೆ ಅದು ಕ್ವಿಂಟಾಲಿಗೆ 2,400 ರೂಪಾಯಿ. ರೈತನಿಗೆ ಆ ಬೆಲೆ ಸಿಗಬೇಕು ಎಂದು ಹೇಳುವವರಲ್ಲಿ ನಾನೂ ಒಬ್ಬ. ಆದರೆ ಅದರ ಒಂದು ಪಾಲು ನನ್ನ ಕೋಳಿಯ ಬೆಲೆಯಾಗಿ ಬರುತ್ತದೆ ಎಂಬುದನ್ನು ಒಪ್ಪಿಕೊಂಡೇ ಹಾಗೆ ಹೇಳಬೇಕಾಗುತ್ತದೆ.

ಕುರಿಮಾಂಸದ ಕಥೆ ಬೇರೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ಆದರೆ ಕುರಿ ಒಣನಾಡಿನ ಪ್ರಾಣಿ. ನಮ್ಮ ಮಳೆ, ನಮ್ಮ ಕೆಸರು ಅದಕ್ಕೆ ಒಗ್ಗುವುದಿಲ್ಲ. ಘಟ್ಟದ ಮೇಲಿನ ಸಂತೆಗಳಿಂದ ಲಾರಿಯಲ್ಲಿ ಇಳಿದು ಬರಬೇಕು. ಶಿರಾಡಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿದರೆ ಲಾರಿ ಚಾರ್ಮಾಡಿಯ ಕಡೆಗೆ ತಿರುಗುತ್ತದೆ, ಅಲ್ಲೂ ಜರಿದರೆ ಇನ್ನೂ ಸುತ್ತು. ದಾರಿಯಲ್ಲಿ ನಿಂತ ಪ್ರತಿ ಗಂಟೆಗೂ ಕುರಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ಗ್ರಾಹಕನ ಚೀಲದೊಳಗೇ ಬಂದು ಬೀಳುತ್ತದೆ. ಘಾಟಿ ರಸ್ತೆಯ ತಡೆಗೋಡೆಯನ್ನು ಲೋಕೋಪಯೋಗಿ ಸಮಸ್ಯೆ ಎಂದೂ ಮಟನ್ ಬೆಲೆಯನ್ನು ವ್ಯಾಪಾರದ ಸಮಸ್ಯೆ ಎಂದೂ ನಾವು ಬೇರೆ ಬೇರೆ ಕಡತದಲ್ಲಿ ಇಡುತ್ತೇವೆ. ಕುರಿಗಳಿಗೆ ತಗಲುವ ಪಿಪಿಆರ್ ರೋಗದ ಲಸಿಕೆಯೂ ಹಾಗೆಯೇ. ಅದು ಉಚಿತ, ಹಾಕಬೇಕಾದದ್ದು ಪಶುಸಂಗೋಪನಾ ಇಲಾಖೆ. ಪಶುವೈದ್ಯರ ಕುರ್ಚಿ ಖಾಲಿ ಇರುವ ತಾಲೂಕಿನಲ್ಲಿ ಹಿಂಡು ಸತ್ತರೆ ಅದು ಅಲ್ಲಿನ ಕುರಿಗಾಹಿಗೆ ಮೊದಲು, ನಮಗೆ ಎರಡು ತಿಂಗಳ ಬಳಿಕ ಗೊತ್ತಾಗುತ್ತದೆ.

ಮೀನನ್ನು ಬಿಟ್ಟು ಕರಾವಳಿಯಲ್ಲಿ ಮಾಂಸದ ಬೆಲೆಯ ಮಾತನಾಡಲಾಗದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲಕ್ಕೆ ಬೇಕಾದ ನಿಷೇಧ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಳೆಗಾಲದ ಆ ದಿನಗಳಲ್ಲಿ ಮಲ್ಪೆ ಬಂದರಿನ ದಕ್ಕೆ ಮೌನವಾಗಿರುತ್ತದೆ, ನಾಡದೋಣಿಯವರು ತಂದ ನಾಲ್ಕು ಬುಟ್ಟಿ ಮೀನಿಗೆ ಏಲಂನಲ್ಲಿ ಬಾಯಿಗೆ ಬಂದ ಬೆಲೆ ಏರುತ್ತದೆ, ಬಂಗುಡೆ ಬೂತಾಯಿ ತಿನ್ನುತ್ತಿದ್ದ ಮನೆಗಳೆಲ್ಲ ಕೋಳಿಯ ಕಡೆಗೆ ತಿರುಗುತ್ತವೆ. ಇದು ಪ್ರತಿ ವರ್ಷ ಪಂಚಾಂಗ ನೋಡಿ ಹೇಳಬಹುದಾದ ಏರಿಕೆ. ಶೀತಲಗೃಹದಲ್ಲಿ ಏಪ್ರಿಲ್, ಮೇ ತಿಂಗಳ ಮೀನನ್ನು ದಾಸ್ತಾನು ಮಾಡಿ ಈ 61 ದಿನಗಳಲ್ಲಿ ಇಲಾಖೆಯ ಮಳಿಗೆಗಳ ಮೂಲಕ ಬಿಡುವುದು ಸಾಧ್ಯವಿಲ್ಲದ ಕೆಲಸವೇನಲ್ಲ. ನಿಷೇಧ ಹೊರಡಿಸುವ ಕೈಗೆ ಅದರ ಪರಿಣಾಮವನ್ನು ಹಗುರ ಮಾಡುವ ಹೊಣೆಯೂ ಇರುತ್ತದೆ.

2020ರ ಗೋಹತ್ಯೆ ಪ್ರತಿಬಂಧಕ ಕಾಯ್ದೆಯ ಬಗ್ಗೆ ಈ ಸಭಾಂಗಣದಲ್ಲೇ ಭಿನ್ನ ಅಭಿಪ್ರಾಯಗಳಿರಬಹುದು, ಆ ಚರ್ಚೆಗೆ ನಾನು ಹೋಗುವುದಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ಕಾನೂನು ನಿಲ್ಲಿಸಿದ ಮೇಲೆ ಅಗ್ಗದ ಒಂದು ಮಾಂಸ ಮಾರುಕಟ್ಟೆಯಿಂದ ಕಡಿಮೆಯಾಗುತ್ತದೆ, ಅದನ್ನು ತಿನ್ನುತ್ತಿದ್ದವರು ಕೋಳಿಗೆ ಬರುತ್ತಾರೆ. ಕಾಯ್ದೆಯನ್ನು ಒಪ್ಪುವವರೂ ಒಪ್ಪದವರೂ ಈ ಲೆಕ್ಕವನ್ನು ಒಪ್ಪಬೇಕಾಗುತ್ತದೆ. ಬೆಲೆಯಲ್ಲಿ ಸರಕಾರದ ಕೈಯೇ ಇಲ್ಲ ಎಂದು ಆ ಬಳಿಕ ಹೇಳಲಾಗದು.

ತೆರಿಗೆ ಇಳಿಸಿದರೆ ಬೆಲೆ ಇಳಿಯುತ್ತದೆ ಎನ್ನುವವರಿಗೆ ಒಂದೇ ಮಾತು: ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ, ಇಳಿಸಲು ಅಲ್ಲೇನೂ ಉಳಿದಿಲ್ಲ.

ಈಗ ನಮ್ಮ ಊರಿನ ಆಡಳಿತದ ಬಾಗಿಲಿಗೆ ಬರೋಣ. ಹೊಣೆ ಅತ್ಯಂತ ಸ್ಪಷ್ಟವಾಗಿರುವುದೂ ಅತ್ಯಂತ ಕಡಿಮೆ ಚರ್ಚೆಯಾಗುವುದೂ ಇಲ್ಲಿಯೇ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಪಟ್ಟಿಯ ಕೊನೆಯ, ಹದಿನೆಂಟನೆಯ ವಿಷಯ ಯಾವುದು ಗೊತ್ತೇ? ಕಸಾಯಿಖಾನೆ ಹಾಗೂ ಚರ್ಮ ಹದಮಾಡುವ ಘಟಕಗಳ ನಿಯಂತ್ರಣ. ಕುಡಿಯುವ ನೀರು, ರಸ್ತೆ, ಬೀದಿದೀಪಗಳ ಸಾಲಿನಲ್ಲೇ ಸಂವಿಧಾನ ಇದನ್ನೂ ಇಟ್ಟಿದೆ. ನಾವು ಮಾತ್ರ ಪಟ್ಟಿಯನ್ನು ಹದಿನೇಳಕ್ಕೆ ನಿಲ್ಲಿಸಿದ್ದೇವೆ.

2001ರ ಕಸಾಯಿಖಾನೆ ನಿಯಮಗಳ ಪ್ರಕಾರ ವಧೆಗೆ ಮೊದಲು ಪ್ರತಿ ಪ್ರಾಣಿಯನ್ನೂ ಪಶುವೈದ್ಯರು ಪರೀಕ್ಷಿಸಬೇಕು, ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡುವಂತಿಲ್ಲ. ಎಷ್ಟು ವಿವರವಾಗಿ ಯೋಚಿಸಿ ಬರೆದ ನಿಯಮ! ಮಂಗಳೂರಿನಲ್ಲಿ ಪಾಲಿಕೆಯ ಕಸಾಯಿಖಾನೆಯೆಂದು ಕುದ್ರೋಳಿಯದ್ದೊಂದು ಹೆಸರಿಗೆ ಬರುತ್ತದೆ. ಅದರ ಸುಧಾರಣೆಗೆ ಸ್ಮಾರ್ಟ್ ಸಿಟಿ ಹಣ ಕೊಡುವ ಪ್ರಸ್ತಾವ 2018ರಲ್ಲಿ ಬಂದಾಗ ನಡೆದದ್ದು ರಾಜಕೀಯದ ಜಗಳ. ಅಲ್ಲಿ ತಪಾಸಣೆಗೆ ಎಷ್ಟು ವೈದ್ಯರು ಬೇಕು, ರಕ್ತದ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಸಣ್ಣ ಪೇಟೆಗಳಲ್ಲಿ ಅಂಗಡಿಯ ಹಿಂಬದಿಯೇ ವಧಾಸ್ಥಳ. ತಪಾಸಣೆಯ ಖರ್ಚು ಇಲ್ಲದ್ದರಿಂದ ಬೆಲೆ ಕಡಿಮೆ ಕಾಣಬಹುದು, ಆದರೆ ಆ ಖರ್ಚು ಔಷಧದಂಗಡಿಯ ಚೀಟಿಯಲ್ಲಿ ಇನ್ನೊಂದು ಹೆಸರಿನಿಂದ ಬರುತ್ತದೆ.

ತ್ಯಾಜ್ಯದ ವಿಷಯವೂ ಅಷ್ಟೆ. ಕೋಳಿ ಕಡಿದರೆ ಜೀವಂತ ತೂಕದ ಸುಮಾರು ಮೂರನೇ ಒಂದು ಪಾಲು ಪುಕ್ಕ, ಕರುಳು, ರಕ್ತ. ಅದನ್ನು ಪಾಲಿಕೆಯ ಗಾಡಿ ಬೇರೆಯಾಗಿ ಒಯ್ಯದಿದ್ದರೆ ರಾತ್ರಿ ಹೆದ್ದಾರಿಯ ಬದಿಗೆ, ಸೇತುವೆಯ ಕೆಳಗೆ ಗೋಣಿಯಲ್ಲಿ ಬೀಳುತ್ತದೆ, ಬೀದಿನಾಯಿಗಳು ಅಲ್ಲಿ ಸೇರುತ್ತವೆ, ಆ ನಾಯಿಗಳ ಬಗ್ಗೆ ನಾವು ಮತ್ತೊಂದು ಸಭೆ ಕರೆಯುತ್ತೇವೆ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಕಂಡವರಿಗೆ, ಬೆರಕೆ ಕಸ ಒಂದು ಕಡೆ ರಾಶಿಯಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ತ್ಯಾಜ್ಯ ಒಯ್ಯುವ ವ್ಯವಸ್ಥೆಗೆ ಅಂಗಡಿಯವನು ಖಾಸಗಿಯವರಿಗೆ ಹಣ ಕೊಡುವಲ್ಲಿ ಅದೂ ದರಫಲಕ ಏರುತ್ತದೆ.

ಇನ್ನು ತಕ್ಕಡಿ. ಲೆಕ್ಕದ ಅನುಕೂಲಕ್ಕೆ ಜೀವಂತ ಕೋಳಿಯ ದರ ಕಿಲೋಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಕಿಲೋದ ಕೋಳಿಗೆ 300. ಶುಚಿ ಮಾಡಿದಾಗ ಚರ್ಮಸಹಿತ 1,400 ಗ್ರಾಂ ಉಳಿದರೆ ಕಿಲೋಗೆ ಸುಮಾರು 214 ರೂಪಾಯಿಯಾಯಿತು. ಫಲಕದ ಎರಡನೆಯ ದರ ಇದಕ್ಕೆ ಹತ್ತಿರವಿದ್ದರೆ ಅಂಗಡಿಯವನು ಸುಲಿಗೆ ಮಾಡುತ್ತಿಲ್ಲ. ಆದರೆ ಈ ಲೆಕ್ಕವೆಲ್ಲ ನಿಂತಿರುವುದು ತೂಕ ಸರಿಯಿದೆ ಎಂಬ ನಂಬಿಕೆಯ ಮೇಲೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು, ಪ್ರಮಾಣಪತ್ರ ಗಿರಾಕಿಗೆ ಕಾಣುವಂತೆ ತೂಗುಹಾಕಿರಬೇಕು. ಒಮ್ಮೆ ನಾನು ತಂದ ಕೋಳಿಯನ್ನು ಮನೆಯ ತಕ್ಕಡಿಯಲ್ಲಿ ಇಟ್ಟಾಗ ನೂರೈವತ್ತು ಗ್ರಾಂ ಕಡಿಮೆ ಬಂತು. ಮರುದಿನ ಹೋಗಿ ನೋಡಿದರೆ ಕೋಳಿಯನ್ನು ಪ್ಲಾಸ್ಟಿಕ್ ಬುಟ್ಟಿಯ ಸಮೇತ ತೂಗುತ್ತಿದ್ದರು. ಬುಟ್ಟಿಯ ತೂಕ ಕಳೆಯುವುದನ್ನು ಮರೆತಿದ್ದರೋ ಮರೆಯುವುದನ್ನು ರೂಢಿ ಮಾಡಿಕೊಂಡಿದ್ದರೋ ತಿಳಿಯದು. ದೂರು ಕೊಡಲು ಹೋದ ಕಚೇರಿಯಲ್ಲಿ ಅಧಿಕಾರಿ ಇನ್ನೊಂದು ತಾಲೂಕಿಗೆ ಹೋಗಿದ್ದರು, ವಾರದ ಬಳಿಕವೂ ಹಾಗೆಯೇ. ಬೆಲೆಯಲ್ಲಿ ಹತ್ತು ರೂಪಾಯಿ ಏರಿದರೆ ಕೂಗುವ ನಾವು, ತೂಕದಲ್ಲಿ ಇಪ್ಪತ್ತು ರೂಪಾಯಿ ಹೋದರೆ ಗಮನಿಸುವುದೂ ಇಲ್ಲ.

ಇಷ್ಟು ಹೇಳಿದ ಮೇಲೆ ಮೊದಲಿನ ಮುಜುಗರಕ್ಕೆ ಮರಳುತ್ತೇನೆ. ಊರಿನ ಆಡಳಿತ ಬಜೆಟ್ ಮಂಡಿಸುವ ಮೊದಲು ಕರೆಯುವ ಸಾರ್ವಜನಿಕ ಸಲಹಾ ಸಭೆಗೆ ಒಮ್ಮೆ ಹೋಗಿದ್ದೆ. ಚರಂಡಿ, ಬೀದಿದೀಪ, ಪಾರ್ಕು, ಬೇಸಿಗೆಯ ನೀರು, ಎಲ್ಲವೂ ಬಂತು. ನನ್ನ ಸರದಿ ಬಂದಾಗ ಎದ್ದು ನಿಂತು, ಮಾಂಸದ ಮಾರುಕಟ್ಟೆಯ ಮಳಿಗೆಗಳ ಏಲಂನಿಂದ ಕಳೆದ ವರ್ಷ ಬಂದ ಬಾಡಿಗೆ ಎಷ್ಟು, ಅದರಲ್ಲಿ ಆ ಮಾರುಕಟ್ಟೆಯ ನೀರು, ಚರಂಡಿ, ತ್ಯಾಜ್ಯ, ತಪಾಸಣೆಗೆ ಖರ್ಚಾದದ್ದು ಎಷ್ಟು ಎಂದು ಕೇಳಿದೆ. ವೇದಿಕೆಯ ಮೇಲಿದ್ದವರು ಕಾಗದ ತಿರುವಿದರು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಅಂಗಿಯ ತುದಿ ಹಿಡಿದು, "ಅದನ್ನೆಲ್ಲ ಇಲ್ಲಿ ಕೇಳುವುದಾ ಮಾರಾಯ್ರೆ, ಕೂತುಕೊಳ್ಳಿ" ಎಂದರು. ಸಭೆ ಮುಗಿದು ಹೊರಗೆ ಬಂದಾಗ ಅದೇ ಹಿರಿಯರು ತಮ್ಮ ಸ್ಕೂಟರಿನ ಕೊಕ್ಕೆಗೆ ಕಪ್ಪು ಚೀಲವೊಂದನ್ನು ತೂಗಿಸುತ್ತ, ಈ ವಾರ ಊರಿನ ಕೋಳಿಗೆ ಏನು ರೇಟು ಹೇಳುತ್ತಾರಂತೆ ಎಂದು ನನ್ನನ್ನೇ ವಿಚಾರಿಸಿದರು.

ಬಾಡಿಗೆ ಮತ್ತು ಖರ್ಚಿನ ಆ ಎರಡು ಅಂಕಿಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು, ಶುಲ್ಕ ಹತ್ತು ರೂಪಾಯಿ. ಅರ್ಜಿಯ ಮಾದರಿಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ನಿಮ್ಮ ನಿಮ್ಮ ಊರಿನ ಪುರಸಭೆ, ಪಂಚಾಯತಿಯ ಹೆಸರು ತುಂಬಿಸುವುದಕ್ಕೆ ಮೇಲಿನ ಸಾಲನ್ನು ಖಾಲಿ ಬಿಟ್ಟಿದೆ.